ಮೂರನೆಯ ಸಹಿ

ನನ್ನ ಉಗ್ರಾಣದಲ್ಲಿ ಒಂದು ಗುಂಡುಪಿನ್ನು ಕೂಡ ಕಳೆದುಹೋದದ್ದಿಲ್ಲ. ಸರ್ಕಾರಿ ಆಸ್ಪತ್ರೆಯ ಉಗ್ರಾಣವನ್ನು ಇಪ್ಪತ್ತೆಂಟು ವರ್ಷ ಕಾದವನು ನಾನು. ಈ ಮಾತನ್ನು ಹಿಂದೆ ಎದೆಯುಬ್ಬಿಸಿ ಹೇಳುತ್ತಿದ್ದೆ. ಈಗ ಯಾರಾದರೂ ಹೊಗಳಲೆಂದು ಇದನ್ನೇ ಹೇಳಿದರೆ ಮೈಯೆಲ್ಲ ಉರಿಯುತ್ತದೆ.

ಉಗ್ರಾಣವೆಂದರೆ ಆಸ್ಪತ್ರೆಯ ಹಿಂಬದಿಯ ಉದ್ದನೆಯ ಕೋಣೆ. ಒಂದು ಕಡೆ ಹಾಸಿಗೆ, ಹೊದಿಕೆ, ಬಕೆಟ್ಟು. ಇನ್ನೊಂದು ಕಡೆ ಅಂಗವಿಕಲರ ವಿಭಾಗದ ಸಾಮಾನು. ಆ ವಿಭಾಗದ ಬೋರ್ಡನ್ನು ನನ್ನ ಕಾಲದಲ್ಲಿ ಮೂರು ಸಲ ಬದಲಾಯಿಸಿದರು, ಪ್ರತಿ ಸಲವೂ ಮೊದಲಿಗಿಂತ ಗೌರವದ ಹೆಸರು. ಬಾಗಿಲಿನ ಬೀಗ ಮಾತ್ರ ಅದೇ ಇತ್ತು, ಅದರ ಕೀಲಿ ನನ್ನ ಸೊಂಟದಲ್ಲಿತ್ತು.

ಒಂದು ವರ್ಷ ಒಂಬತ್ತು ಸ್ಟ್ಯಾಂಡಿಂಗ್ ಫ್ರೇಮುಗಳು ಬಂದವು. ತಾವಾಗಿ ನಿಲ್ಲಲಾರದ ಮಕ್ಕಳನ್ನು ಎದೆಗೆ, ಸೊಂಟಕ್ಕೆ, ಮೊಣಕಾಲಿಗೆ ಪಟ್ಟಿ ಬಿಗಿದು ನಿಲ್ಲಿಸುವ ಮರದ ಚೌಕಟ್ಟು ಅದು. ಮುಂದೆ ಕೈಯೂರಿ ಆಡಲು ಒಂದು ಪುಟ್ಟ ಮೇಜು. ಮಂತ್ರಿಗಳು ಬಂದರು, ಪ್ಲಾಸ್ಟಿಕ್ ಹೊದಿಕೆಯ ಮೇಲೆಯೇ ಕೈಯಾಡಿಸಿದರು, ಭಾಷಣ ಮಾಡಿ ಹೋದರು. ಖರ್ಚು ತೋರಿಸುವ ಕೆಲಸ ಅಲ್ಲಿಗೆ ಮುಗಿಯಿತು. ಕೊಡುವ ಕೆಲಸ ಉಳಿಯಿತು.

ಕೊಡಬೇಕಾದರೆ ಸಮಿತಿಯ ಮಂಜೂರಾತಿ ಬೇಕು. ಸಮಿತಿಯಲ್ಲಿ ಮೂವರು. ಆಸ್ಪತ್ರೆಯ ದೊಡ್ಡ ಡಾಕ್ಟರು ಒಬ್ಬರು, ಮೇಲಿನ ಕಚೇರಿಯ ಅಧಿಕಾರಿ ಒಬ್ಬರು, ಅಂಗವಿಕಲರ ಪರವಾಗಿ ಒಬ್ಬ ಪ್ರತಿನಿಧಿ. ಆ ಮೂರನೆಯ ಕುರ್ಚಿ ಖಾಲಿ. ಬೇಗ ನೇಮಕ ಮಾಡಿ ಎಂದು ನಾವು ಪತ್ರ ಬರೆಯುತ್ತಿದ್ದೆವು, ಪರಿಶೀಲನೆಯಲ್ಲಿದೆ ಎಂದು ಮೇಲಿನ ಕಚೇರಿಯವರು ಉತ್ತರಿಸುತ್ತಿದ್ದರು. ಅಂಗವಿಕಲರಿಗೆ ಅನ್ಯಾಯವಾಗಬಾರದೆಂದೇ ಇಟ್ಟ ಕುರ್ಚಿ ಅದು. ಅದು ಖಾಲಿ ಇದ್ದದ್ದರಿಂದ ಅವರಿಗೆ ಏನೂ ಸಿಗಲಿಲ್ಲ. ನಗು ಬಂದರೆ ನಗಿ, ನಾವು ಕಚೇರಿಯಲ್ಲಿ ಚಹಾ ಕುಡಿಯುತ್ತಾ ನಗುತ್ತಿದ್ದೆವು.

ನನ್ನ ಭಯಕ್ಕೂ ಒಂದು ಕಾರಣವಿತ್ತು. ನನಗಿಂತ ಮುಂಚೆ ಉಗ್ರಾಣದ ಮೇಜಿನಲ್ಲಿ ಕೂತಿದ್ದವರು ಮೆತ್ತನೆಯ ಮನುಷ್ಯ. ಬಸ್ಸು ಮಗುಚಿದ ದಿನ ಆರು ಜೊತೆ ಊರುಗೋಲನ್ನು ಕಾಗದಪತ್ರವಿಲ್ಲದೆ ಎತ್ತಿ ಕೊಟ್ಟುಬಿಟ್ಟರು. ಊರುಗೋಲು ವಾಪಸ್ಸು ಬರಲಿಲ್ಲ. ನಿವೃತ್ತಿಯ ಹೊತ್ತಿಗೆ ದಾಸ್ತಾನಿನಲ್ಲಿ ಆರು ಜೊತೆ ಕಡಿಮೆ ಬಿತ್ತು, ನಾಲ್ಕು ವರ್ಷ ಪಿಂಚಣಿ ತಡೆಹಿಡಿದರು. ಅರ್ಜಿ ಹಿಡಿದು ಅವರು ನಮ್ಮ ಕಚೇರಿಗೆ ಅಲೆದಲೆದು ಸಣ್ಣಗಾದರು. ಗುಮಾಸ್ತರು ಅವರಿಗೆ 'ಊರುಗೋಲು ಮಾವ' ಎಂದು ಹೆಸರಿಟ್ಟಿದ್ದರು. ನಾನೂ ಗುಮಾಸ್ತರ ಜೊತೆ ನಕ್ಕೆ, ಒಳಗೊಳಗೆ ನಡುಗಿದೆ. ಮೂರು ಸಹಿ ಇಲ್ಲದೆ ಒಂದು ಸೂಜಿಯೂ ನನ್ನ ಬಾಗಿಲು ದಾಟುವುದಿಲ್ಲ ಎಂದು ಅಂದೇ ತೀರ್ಮಾನಿಸಿದೆ.

ಟೈಲರಮ್ಮ ಬಂದದ್ದು ಫ್ರೇಮುಗಳು ಬಂದ ಎರಡನೆಯ ತಿಂಗಳು. ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದ ಹೆಂಗಸು, ಕೊರಳಲ್ಲಿ ಅಳತೆಯ ಟೇಪು ಸದಾ ನೇತಾಡುತ್ತಿತ್ತು. ಹೆಗಲ ಮೇಲೆ ಐದು ವರ್ಷದ ಮಗಳು ಪುಟ್ಟಿ. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಕೈಕಾಲು ಸ್ವಾಧೀನಕ್ಕೆ ಬಾರದ ಮಗು, ಕಣ್ಣು ಮಾತ್ರ ಮಹಾ ತುಂಟ. ಅವರ ಜೊತೆ ವ್ಯಾಯಾಮದ ಮೇಡಂ ಇದ್ದರು. ಫಿಸಿಯೋಥೆರಪಿ ವಿಭಾಗದ ಅವರನ್ನು ನಾವೆಲ್ಲ ಕರೆಯುತ್ತಿದ್ದದ್ದೇ ಹಾಗೆ.

"ಇವಳಿಗೆ ಒಂದು ಫ್ರೇಮ್ ಕೊಡಿ. ದಿನಾ ಎರಡು ಗಂಟೆ ನಿಲ್ಲಲೇಬೇಕು," ಎಂದರು ಮೇಡಂ. "ಈಗ ಕಾಲಿನ ಮೇಲೆ ಭಾರ ಬೀಳದಿದ್ರೆ ಸೊಂಟದ ಕೀಲು ಜಾರುತ್ತೆ. ಏಳು ವರ್ಷ ದಾಟಿದ ಮೇಲೆ ಕೊಟ್ರೂ ಒಂದೇ, ಬಿಟ್ರೂ ಒಂದೇ."

"ಸಮಿತಿ ಕೂತಿಲ್ಲ ಮೇಡಂ."

"ಯಾವಾಗ ಕೂರುತ್ತೆ?"

"ಮೂರನೆಯವರು ಬಂದಾಗ."

ಟೈಲರಮ್ಮ ನಮ್ಮ ಮಾತಿಗೆ ಕಿವಿಗೊಡಲೇ ಇಲ್ಲ. ಕೊರಳಿನ ಟೇಪು ತೆಗೆದು ಚೌಕಟ್ಟನ್ನು ಪ್ಲಾಸ್ಟಿಕ್ ಮೇಲಿಂದಲೇ ಅಳೆದಳು. ಆಮೇಲೆ ಮಗಳನ್ನು ಬೆಂಚಿನ ಮೇಲೆ ಮಲಗಿಸಿ ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದಳು.

"ಚೌಕಟ್ಟು ನಲವತ್ತೊಂದು ಇಂಚಿನ ಮಗೂವರೆಗೂ ಆಗುತ್ತೆ ಸಾರ್. ಇವಳು ಮೂವತ್ತೆಂಟು. ಇವಳಿಗೇ ಹೊಲಿದಂಗಿದೆ," ಎಂದು ನಕ್ಕಳು. ಅರ್ಜಿ ಬರೆಸಿಕೊಂಡೆ. ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ.

ಆಮೇಲೆ ಪ್ರತಿ ಮಂಗಳವಾರ ವ್ಯಾಯಾಮಕ್ಕೆ ಬಂದವಳು ನನ್ನ ಬಾಗಿಲಲ್ಲಿ ಇಣುಕುತ್ತಿದ್ದಳು. ನಾನು ತಲೆಯಲ್ಲಾಡಿಸುತ್ತಿದ್ದೆ. ಒಂದು ಮಂಗಳವಾರ ಊಟದ ಹೊತ್ತಿನಲ್ಲಿ ಮೇಡಂ ತಾಯಿ-ಮಗಳನ್ನು ಕರೆದುಕೊಂಡು ಸೀದಾ ಒಳಗೆ ನುಗ್ಗಿದರು.

"ಹೊರಗೆ ತಗೊಂಡು ಹೋಗಲ್ಲ. ಪ್ಲಾಸ್ಟಿಕ್ಕೂ ತೆಗೆಯಲ್ಲ. ಇಲ್ಲೇ, ನಿಮ್ಮ ಕಣ್ಣೆದುರಿಗೇ ಒಂದರ್ಧ ಗಂಟೆ ನಿಲ್ಲಿಸ್ತೀನಿ. ಆಗಲ್ಲ ಅಂತ ಯಾವ ನಿಯಮ ಹೇಳುತ್ತೆ, ತೋರಿಸಿ."

ಅಂಥ ನಿಯಮ ನನಗೆ ಹೊಳೆಯಲಿಲ್ಲ. ಬಾಗಿಲು ಹಾಕಿಕೊಂಡೆವು. ಪ್ಲಾಸ್ಟಿಕ್ಕಿನ ಮೇಲೆಯೇ ಪಟ್ಟಿಯ ಬದಲು ಟೈಲರಮ್ಮನ ಸೆರಗು ಬಿಗಿದು ಮಗುವನ್ನು ನಿಲ್ಲಿಸಿದರು. ಪುಟ್ಟಿ ಮೊದಲು ಗಾಬರಿಯಿಂದ ಮುಖ ಕಿವುಚಿದಳು. ಆಮೇಲೆ ಪ್ಲಾಸ್ಟಿಕ್ಕು ಅಂಗೈ ಕೆಳಗೆ ಚರಚರ ಸದ್ದು ಮಾಡಿತು ನೋಡಿ, ಕಿಲಕಿಲ ನಗಲು ಶುರು ಮಾಡಿದಳು. ಹುಟ್ಟಿದಾಗಿನಿಂದ ಎಲ್ಲರನ್ನೂ ಕೆಳಗಿನಿಂದಲೇ ನೋಡಿದ ಮಗು ಅಂದು ನನ್ನ ಮೇಜಿನ ಮೇಲೇನಿದೆ ಎಂದು ಕತ್ತು ಚಾಚಿ ನೋಡಿತು. ನನ್ನ ಸೀಲನ್ನು ಕೈಗೆ ಕೊಟ್ಟೆ, ಬಾಯಿಗಿಟ್ಟುಕೊಂಡಳು.

"ಅಣ್ಣಾ, ನೋಡಿ ಅಣ್ಣಾ, ನಿಂತವ್ಳೆ!" ಎಂದಳು ಟೈಲರಮ್ಮ. ಅಲ್ಲಿಯವರೆಗೆ ನಾನು ಸಾರ್ ಆಗಿದ್ದೆ.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಆಕೆಗೂ ಸಂಭ್ರಮ. ಹೀಗೆ ಐದು ಮಂಗಳವಾರ ನಡೆಯಿತು. ಆರನೆಯ ಮಂಗಳವಾರ ಪ್ಲಾಸ್ಟಿಕ್ಕಿನಲ್ಲಿ ಬೆರಳಗಲದ ಹರಿದ ಗುರುತು ಕಂಡಿತು. ವರ್ಷದ ತಪಾಸಣೆ ಹತ್ತಿರದಲ್ಲಿತ್ತು. ಉಪಯೋಗಿಸಿದ ವಸ್ತು ಎಂದು ಬರೆದರೆ, ಯಾರ ಮಂಜೂರಾತಿಯಲ್ಲಿ ಉಪಯೋಗಿಸಿದಿರಿ ಎಂದು ಕೇಳಿದರೆ? ಕಣ್ಣ ಮುಂದೆ ಊರುಗೋಲು ಮಾವ ಬಂದು ನಿಂತರು. ಹರಿದ ಜಾಗಕ್ಕೆ ಟೇಪು ಅಂಟಿಸಿದೆ, ಮರುವಾರದಿಂದ ಊಟದ ಹೊತ್ತಿಗೆ ಬೀಗ ಹಾಕಿಕೊಂಡು ಹೊರಗೆ ಹೋಗತೊಡಗಿದೆ. ಯಾರೂ ನನಗೆ ಹಾಗೆ ಮಾಡೆಂದು ಹೇಳಿರಲಿಲ್ಲ. ಅದನ್ನು ಯಾರ ತಲೆಗೂ ಕಟ್ಟುವಂತಿಲ್ಲ, ಮಾಡಿದವನು ನಾನೇ.

ಮೇಡಂ ಮೇಲಿನವರಿಗೆ ಮೂರು ಪತ್ರ ಬರೆದರು, ನಾಲ್ಕನೆಯದರ ಬದಲು ಅವರಿಗೇ ವರ್ಗಾವಣೆಯ ಪತ್ರ ಬಂತು. ಟೈಲರಮ್ಮ ಬರುತ್ತಲೇ ಇದ್ದಳು. ಪುಟ್ಟಿ ನಲವತ್ತು ಇಂಚಾದಳು. ನಲವತ್ತೊಂದಾದಳು. "ಇನ್ನೂ ಹಿಡಿಯುತ್ತೆ ಅಣ್ಣ, ಸ್ವಲ್ಪ ಬಿಗಿಯಾಗ್ಬೋದು," ಎನ್ನುತ್ತಿದ್ದಳು. ಬೇರೆ ತಾಯಂದಿರು ಮಗು ಬೆಳೆದರೆ ಹಿಗ್ಗುತ್ತಾರೆ, ಇವಳು ಪ್ರತಿ ಇಂಚಿಗೂ ಹೆದರುತ್ತಿದ್ದಳು. ಆಮೇಲೆ ಒಂದು ದಿನ ಅಳೆಯುವುದನ್ನು ಬಿಟ್ಟಳು.

ಮೂರು ವರ್ಷವಾದ ಮೇಲೆ ಪತ್ರಿಕೆಯೊಂದರಲ್ಲಿ ಸುದ್ದಿ ಬಂತು. ಕೊಂಡದ್ದೆಷ್ಟು, ಮಕ್ಕಳಿಗೆ ಮುಟ್ಟಿದ್ದೆಷ್ಟು ಎಂದು ಸದನದಲ್ಲಿ ಯಾರೋ ಕೇಳಿದರು. ಸೋಮವಾರ ಆದೇಶ ಬಂತು, ಬುಧವಾರ ಪರಿಶೀಲನಾ ತಂಡ ಬರುವುದಿತ್ತು. ದೊಡ್ಡ ಡಾಕ್ಟರು ನನ್ನನ್ನು ಕರೆದರು.

"ನಾಳೆಯೊಳಗೆ ಒಂಬತ್ತೂ ವಿತರಣೆ ಆಗಿರಬೇಕು."

"ಸಾರ್, ಸಮಿತಿ... ಮೂರನೆಯ ಸಹಿ..."

"ಅಯ್ಯೋ, ಘಟನೋತ್ತರ ಮಂಜೂರಾತಿ ಅಂತ ಒಂದಿದೆಯಲ್ರೀ! ಮೊದಲು ಕೊಡೋದು, ಸಹಿ ಆಮೇಲೆ ತಗೊಳ್ಳೋದು. ಇಷ್ಟು ವರ್ಷ ಸರ್ವಿಸ್ ಮಾಡಿ ಅಷ್ಟೂ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲವೇ? ಆ ಪದವನ್ನು ನಾನೇ ಎಷ್ಟೋ ಕಡತಗಳಲ್ಲಿ ಬರೆದಿದ್ದೆ. ದೊಡ್ಡ ಡಾಕ್ಟರ ಕೋಣೆಗೆ ಪರದೆ ತಂದಾಗ, ಅವರ ಕಾರಿಗೆ ಟೈರು ತಂದಾಗ. ಒಂದು ಮಗುವಿಗೆ ಅದನ್ನು ಬರೆಯಬಹುದೆಂದು ತಲೆಗೆ ಹೊಳೆದಿರಲಿಲ್ಲ, ಅಷ್ಟೆ.

ಮಂಗಳವಾರ ಟೈಲರಮ್ಮನನ್ನು ಕರೆಸಿದರು. ಪುಟ್ಟಿಗೆ ಎಂಟು ವರ್ಷ. ಎತ್ತಿಕೊಂಡರೆ ಒಂದು ಕಾಲು ಇನ್ನೊಂದರ ಮೇಲೆ ಕತ್ತರಿ ಹಾಕಿಕೊಳ್ಳುತ್ತಿತ್ತು, ಸೊಂಟ ಮುಟ್ಟಿದರೆ ಕಿರುಚುತ್ತಿದ್ದಳು. ಕೀಲು ಜಾರಿಹೋಗಿತ್ತು.

"ಇದು ಇವಳಿಗೆ ಆಗಲ್ಲ. ಐದು ಇಂಚು ಗಿಡ್ಡ. ಇನ್ಮೇಲೆ ನಿಲ್ಲಿಸೋಕೂ ಆಗಲ್ವಂತೆ," ಎಂದಳು ಟೈಲರಮ್ಮ.

"ಪಟ್ಟಿಯಲ್ಲಿ ಮೊದಲ ಹೆಸರು ನಿಮ್ಮದೇ ಇರೋದು. ಹೆಸರು ಬದಲಾಯಿಸಿದ್ರೆ ಹೊಸದಾಗಿ ಅರ್ಜಿ ಹಾಕ್ಬೇಕು, ಟೈಮಿಲ್ಲ," ಎಂದರು ದೊಡ್ಡ ಡಾಕ್ಟರು. "ಪಕ್ಕದಲ್ಲಿ ಎತ್ಕೊಂಡು ನಿಂತ್ಕೊಳ್ಳಿ, ಫೋಟೋಗೆ ಸಾಕು."

ಫೋಟೋ ತೆಗೆದರು. ಪುಸ್ತಕದಲ್ಲಿ 'ಮಗುವಿಗೆ ಹೊಂದಿಕೆಯಾಗಿದೆ, ಫಲಾನುಭವಿ ತೃಪ್ತರಾಗಿದ್ದಾರೆ' ಎಂದು ಬರೆಯಲು ಹೇಳಿದರು. ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೊಗಳುತ್ತಾರೆ. ದುಂಡಗೆ ಬರೆದೆ. ಟೈಲರಮ್ಮ ಓದಿದಳು, ನನ್ನ ಮುಖ ನೋಡಿದಳು, ಸಹಿ ಹಾಕಿದಳು. ಮರುದಿನ ಬಂದ ತಂಡ ಫೋಟೋ ನೋಡಿ ತಲೆದೂಗಿತು. ಮೂರು ವರ್ಷ ಕಳೆದರೂ ಸಾಮಾನು ಹೊಚ್ಚ ಹೊಸದರಂತಿರುವುದು ಮೆಚ್ಚತಕ್ಕದ್ದು ಎಂದು ವರದಿಯಲ್ಲಿ ನನ್ನ ಬಗ್ಗೆ ಒಂದು ಸಾಲು ಸೇರಿಸಿತು. ಹೆಂಡತಿಗೆ ತೋರಿಸಿದೆ. ಆಕೆ ಅದನ್ನು ಓದದೆ ಕೇಳಿದಳು, "ಆ ಮಗು ಏನಾಯ್ತು?" ನಾನು ಟವೆಲ್ಲು ಹುಡುಕುವ ನೆಪದಲ್ಲಿ ಒಳಗೆ ಹೋದೆ.

ಕೊಟ್ಟ ಸಾಮಾನು ಫಲಾನುಭವಿಯ ಮನೆಯಲ್ಲೇ ಇದೆಯೇ ಎಂದು ವರ್ಷಕ್ಕೊಮ್ಮೆ ಹೋಗಿ ನೋಡಬೇಕು. ಇಲ್ಲದಿದ್ದರೆ ವಸೂಲಿ. ನನ್ನ ನಿವೃತ್ತಿಗೆ ಒಂದು ತಿಂಗಳಿದ್ದಾಗ ಪುಸ್ತಕ ಹಿಡಿದು ಟೈಲರಮ್ಮನ ಮನೆಗೆ ಹೋದೆ. ಒಂದೇ ಕೋಣೆ, ಕಿಟಕಿಯ ಬಳಿ ಮಿಷನ್ನು, ಅದರ ಪಕ್ಕದಲ್ಲಿ ಹಾಸಿಗೆಯ ಮೇಲೆ ಪುಟ್ಟಿ. ಚೌಕಟ್ಟು ಕಾಣಲಿಲ್ಲ.

"ಎಲ್ಲಮ್ಮಾ?"

"ಬನ್ನಿ," ಎಂದು ಎದುರು ಮನೆಗೆ ಕರೆದೊಯ್ದಳು.

ನಾಲ್ಕು ವರ್ಷದ ಒಂದು ಗಂಡುಮಗು ಚೌಕಟ್ಟಿನಲ್ಲಿ ನಿಂತಿತ್ತು. ಮೇಜಿನ ಮೇಲೆಲ್ಲ ಬಣ್ಣದ ಪೆನ್ಸಿಲ್ಲಿನ ಗೀಚು, ಅಂಚಿನಲ್ಲಿ ಹಲ್ಲಿನ ಗುರುತು. ಪಟ್ಟಿ ಒರಟಾಗಿತ್ತೇನೋ, ಟೈಲರಮ್ಮ ಅದರೊಳಗೆ ಮೆತ್ತನೆಯ ಬಟ್ಟೆ ಇಟ್ಟು ಹೊಲಿದಿದ್ದಳು. ಮಗು ನನ್ನನ್ನು ನೋಡಿ ಮೇಜು ಬಡಿಯಿತು.

"ತಂದ ದಿನವೇ ಕೊಟ್ಟೆ. ಅಳತೆ ಸರಿಯಾಗಿತ್ತು. ಈಗ ವಾಪಸ್ ತಗೊಂಡು ಹೋಗ್ತೀರಾ?" ಎಂದಳು.

ಮೂರು ವರ್ಷ, ಮೂರು ಸಹಿ, ಎಷ್ಟೊಂದು ಪತ್ರಗಳು. ಇವಳಿಗೆ ಬೇಕಾಗಿದ್ದು ರಸ್ತೆ ದಾಟುವಷ್ಟು ಹೊತ್ತು. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತು ಪುಸ್ತಕ ತೆರೆದು, 'ಫಲಾನುಭವಿಯ ಬಳಿ ಇದೆ, ಉಪಯೋಗದಲ್ಲಿದೆ' ಎಂದು ಬರೆದೆ. ಒಳ್ಳೆಯ ಕೆಲಸ ಮಾಡಿದೆನೆಂದು ಮನಸ್ಸು ಹಗುರವಾಯಿತು. ಟೈಲರಮ್ಮ ಏನಾದರೂ ಹೇಳುತ್ತಾಳೆಂದು ತಲೆಯೆತ್ತಿದೆ. ಆಕೆ ಪುಸ್ತಕವನ್ನೇ ನೋಡುತ್ತಿದ್ದಳು.

"ಇಷ್ಟೇನಾ ಸಾರ್?"

"ಇಷ್ಟೇ ಕಣಮ್ಮ. ಇನ್ಯಾರೂ ಕೇಳಲ್ಲ ಬಿಡು."

"ಅಲ್ಲ, ಬರೆಯೋದು ಇಷ್ಟೇನಾ ಅಂದೆ. ಆವತ್ತು ಫೋಟೋ ದಿನ ಒಂದು ಸಾಲು ಬರೆದ್ರಿ. ಇವತ್ತು ಒಂದು ಸಾಲು. ನಿಮಗೇನೂ ಆಗ್ಲಿಲ್ಲ." ಆಕೆ ದನಿ ಏರಿಸಲಿಲ್ಲ. "ನನ್ನ ಮಗಳು ಮೂವತ್ತೆಂಟು ಇಂಚು ಇದ್ದಾಗ ಈ ಒಂದು ಸಾಲು ಬರೆಯೋಕೆ ಏನಾಗಿತ್ತು?"

ಊರುಗೋಲು ಮಾವನ ಕಥೆ ನಾಲಗೆ ತುದಿಯವರೆಗೂ ಬಂತು. ಪುಸ್ತಕ ಮುಚ್ಚಿದೆ. ಆಕೆ ರಸ್ತೆ ದಾಟಿ ಮಗಳ ಬಳಿಗೆ ಹೋದಳು, ಮಿಷನ್ನಿನ ಸದ್ದು ಶುರುವಾಯಿತು.

ತಿಂಗಳಾದ ಮೇಲೆ ನಿವೃತ್ತನಾದೆ. ದಾಸ್ತಾನು ಪೂರ್ತಿ ತಾಳೆಯಾಯಿತು. ಇವರಿಂದ ಇಲಾಖೆಗೆ ಏನೂ ಬಾಕಿ ಇಲ್ಲ ಎಂಬ ಪತ್ರವನ್ನು ಅಂದೇ ಕೈಗಿತ್ತರು. ಅದಕ್ಕೂ ಮೂವರು ಅಧಿಕಾರಿಗಳ ಸಹಿ ಬೇಕಿತ್ತು, ಮೂರೂ ಇದ್ದವು.