ದೊರೆಸಾನಿಯ ಕಂಬಳಿ

ಕೊಂಬೈಯ ಒಕ್ಕಲಿಗರಲ್ಲಿ ನ್ಯಾಯ ಹೇಳುವುದು ಮನುಷ್ಯನಲ್ಲ, ಕಂಬಳಿ. ಕರಿ ಕಂಬಳಿ ಹಾಸಿ, ನೀರಿನ ಚೆಂಬಿಟ್ಟು, ಹಿರಿಯರು ಕುಳಿತರೆ ಆಡಿದ ಮಾತು ಕಲ್ಲಾಗುತ್ತದೆ. ಆ ನ್ಯಾಯ ಕೆಟ್ಟರೆ ಸುತ್ತಲ ಊರುಗಳ ಹಿರಿಯರನ್ನೆಲ್ಲ ಕರೆಸಿ, ಕೆಟ್ಟ ಕಾರಣ ಹೇಳಿ, ಮತ್ತೆ ಹಾಸಬೇಕು. ಇಂಥ ಊರಿನಲ್ಲಿ ಗೌಡ ಮುತ್ತಯ್ಯನ ಕಂಬಳಿಯನ್ನು ಇಲಿ ತಿಂದವು.

ವ್ಯಾಜ್ಯ ಕಾದಿತ್ತು. ಕಾಳಿಯಪ್ಪನ್ ತನ್ನ ತಂಗಿ ನಾಗಮ್ಮಾಳ ಮಗಳನ್ನು ತನ್ನ ಮಗನಿಗೆ ಕೇಳಿದ್ದ. ಸೋದರತ್ತೆಯ ಮಗಳು, ಹಕ್ಕಿನ ಹೆಣ್ಣು. ಹುಡುಗಿ ನೆರೆದು ವರ್ಷಗಳಾಗಿದ್ದವು, ವರನಿಗೆ ಹಾಲುಹಲ್ಲು ಬೀಳುತ್ತಿದ್ದವು. ತಾಯಿ ಮಾತ್ರ ಚಿನ್ನಮನೂರಿನ ತಂಗವೇಲನನ್ನು ಗೊತ್ತುಮಾಡಿಕೊಂಡಿದ್ದಳು.

ಊರಿನ ಮಿಕ್ಕ ಕಂಬಳಿಗಳು ಗೊಬ್ಬರ ಹೊತ್ತವು, ಕರು ಹೊದ್ದವು. ಹೊಸದಿದ್ದದ್ದು ನಾಗಮ್ಮಾಳ ಮನೆಯಲ್ಲೇ. ಅವಳ ಗಂಡ ಕರುಪ್ಪಯ್ಯ ಬಿಳಿ ದೊರೆಗಳ ಸಾಮಾನು ಹೊತ್ತು ಕೊಡೈಕಾನಲ್ ಹತ್ತುವವನು, ಅಲ್ಲಿಂದ ತಂದಿದ್ದ.

“ಉಣ್ಣೇದಾ, ತಾಯಿ?” ಎಂದು ಮುತ್ತಯ್ಯ ಕೇಳಿದ.

“ಹೂಂ, ಮಾಮಾ.”

“ಕರೀದಾ?”

“ಹೂಂ.”

“ವ್ಯಾಜ್ಯದೋರ ಕಂಬ್ಳಿ ಮೇಲೆ ಕೂರಾದಾ?” ಎಂದು ಕಾಳಿಯಪ್ಪನ್ ಗೊಣಗಿದ.

“ಕುರಿಗೆ ಏನ್ ವ್ಯಾಜ್ಯ ಅಪ್ಪಾ?” ಎಂದ ಮುತ್ತಯ್ಯ. ತನ್ನ ಜಾಣತನ ಅವನಿಗೇ ಹಿಡಿಸಿತು.

ನಾಗಮ್ಮಾಳ್ ಮಡಿಚಿದ್ದನ್ನು ತಂದು ತಾನೇ ಹಾಸಿದಳು. ಹಿರಿಯರು ಕುಳಿತರು. ಹುಡುಗಿ ಸೋದರಮಾವನ ಮನೆಗೇ ಹೋಗಬೇಕೆಂದು ಹೇಳುವಾಗ ಮುತ್ತಯ್ಯನ ತೊಡೆಗೆ ಏನೋ ಚುಚ್ಚಿತು. ಧರ್ಮ ಚುಚ್ಚುತ್ತಿದೆ ಎಂದುಕೊಂಡ. ಹಿತ್ತಾಳೆಯ ಕೊಕ್ಕೆ ಎಂದು ತಿಳಿದದ್ದು ಆಮೇಲೆ.

ಎಲ್ಲರೂ ಎದ್ದರು. ನಾಗಮ್ಮಾಳ್ ಕಂಬಳಿಯನ್ನು ಒಮ್ಮೆ ಕೊಡವಿ, ಹೆಗಲಿಗೆ ಎಳೆದುಕೊಂಡು, ಕತ್ತಿನಲ್ಲಿ ಕೊಕ್ಕೆ ಸಿಕ್ಕಿಸಿದಳು.

ಅದು ಕತ್ತಿಗೆ ಬಿಗಿಯಾಗಿ, ಹೆಗಲಲ್ಲಿ ದುಂಡಾಗಿ, ಅಲ್ಲಿಂದ ಮಡಿಕೆ ಮಡಿಕೆಯಾಗಿ ಹಿಮ್ಮಡಿಯವರೆಗೆ ಇಳಿಯಿತು, ಸುರುಳಿ ಅರುವಿಯ ನೀರು ಬಂಡೆಯಿಂದ ಜಾರುವ ಹಾಗೆ. ಇಷ್ಟು ಚಂದವಾಗಿದೆಯಲ್ಲ ಎಂಬುದು ಮುತ್ತಯ್ಯನಿಗೆ ಮೊದಲು ಹೊಳೆಯಿತು. ತಾನು ಕೂತದ್ದು ಯಾವುದರ ಮೇಲೆ ಎಂಬುದು ಆಮೇಲೆ.

“ಏನ್ ತಂಗಚ್ಚಿ ಇದು?” ಎಂದ ಕಾಳಿಯಪ್ಪನ್.

“ದೊರೆಸಾನಿ ಉಡ್ತಿದ್ದ ತುಣಿ, ಅಣ್ಣಾ. ಹಳೇದಾತು ಅಂತ ಕೊಟ್ಲು.”

ಹಿರಿಯರಲ್ಲೊಬ್ಬ ಮೆಲ್ಲನೆ ತನ್ನ ಪಂಚೆಯ ಹಿಂಭಾಗ ಒರೆಸಿಕೊಂಡ. ಇನ್ನೊಬ್ಬ ಚೆಂಬಿನ ನೀರು ಚೆಲ್ಲಿದ.

“ಮೊದ್ಲೇ ಹೇಳಾದಲ್ವಾ, ತಾಯಿ?” ಎಂದ ಮುತ್ತಯ್ಯ.

“ಉಣ್ಣೇದಾ ಅಂದ್ರಿ. ಕರೀದಾ ಅಂದ್ರಿ. ಪೊಂಬಳೆ ಉಟ್ಟಿದ್ದಾ ಅಂತ ಯಾರ್ ಕೇಳಿದ್ರಿ, ಮಾಮಾ?”

ಹೆಂಗಸಿನ ಉಡುಪಿನ ಮೇಲೆ ಕೂತು ಹೇಳಿದ್ದು ನ್ಯಾಯವಲ್ಲ. ಇದರಲ್ಲಿ ಎರಡು ಮಾತಿರಲಿಲ್ಲ. ಬೇರೆ ಕಂಬಳಿ ತರಿಸಿ ಎಂದು ಕಾಳಿಯಪ್ಪನ್ ಹಟ ಹಿಡಿದ.

“ತರಿಸಬೌದು,” ಎಂದ ಮುತ್ತಯ್ಯ. “ಕಂಬಂನೋರಿಗೆ, ಚಿನ್ನಮನೂರಿನೋರಿಗೆ ಕಾರಣ ನೀನೇ ಹೋಗಿ ಹೇಳು. ನೀನೂ ಅದ್ರ ಒಂದು ಮೂಲೇಲಿ ಕೂತಿದ್ದೆ ಅನ್ನಾದನ್ನೂ ಸೇರಿಸು.”

ಕಾಳಿಯಪ್ಪನ್ ಹೋಗಲಿಲ್ಲ.

ವೈಕಾಸಿ ತಿಂಗಳಲ್ಲಿ ಹುಡುಗಿಗೂ ತಂಗವೇಲನಿಗೂ ಮದುವೆಯಾಯಿತು. ಬೆಂಕಿಯಂಥ ಬಿಸಿಲಿನಲ್ಲಿ ನಾಗಮ್ಮಾಳ್ ಅದೇ ಉಣ್ಣೆ ಹೊದ್ದು, ಬೆವರುತ್ತ, ಚಪ್ಪರದ ಬಾಗಿಲಲ್ಲಿ ನಿಂತಿದ್ದಳು.

“ಸೆಕೆಯಲ್ವಾ, ತಾಯಿ?”

“ಊಟ ಆಗಾ ತನಕ ಇರ್ಲಿ, ಮಾಮಾ. ಒಳಗೆ ಹೊಸ ಚಾಪೆ ಹಾಸಿದ್ದೀನಿ, ಕೂತ್ಕಳ್ಳಿ.”

ಮುತ್ತಯ್ಯ ಚಾಪೆಯ ಅಂಚನ್ನು ಎತ್ತಿ, ಎರಡೂ ಕಡೆ ನೋಡಿ, ಆಮೇಲೆ ಕೂತ.