ಬಾಡಿಗೆ ಟೆಂಟಿನ ಚರಗ

ಈ ಎಳ್ಳಮಾವಾಸ್ಯೆಗೆ ಅಪ್ಪ ಯಾರ ಗಾಡಿಯನ್ನೂ ಹೊಡೆಯಬಾರದು, ಯಾರು ಕರೆದರೂ ಏಳಬಾರದು, ಕೂತಲ್ಲೇ ಕೂತು ಹೊಟ್ಟೆ ತುಂಬ ಉಣ್ಣಬೇಕು. ನನಗೆ ಬೇಕಾಗಿದ್ದು ಇಷ್ಟೇ. ಇದಕ್ಕಾಗಿಯೇ ಹುಕ್ಕೇರಿ ಕಡೆಯ ಗುಡ್ಡದ ಮೇಲಿನ ಕೆರೆ ಪಾರ್ಕಿನಲ್ಲಿ ಟೆಂಟ್ ಬುಕ್ ಮಾಡಿದೆ.

ಎಳ್ಳಮಾವಾಸ್ಯೆ ಎಂದರೆ ನಮ್ಮ ಕಡೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ದಿನ. ಮಾಡಿದ ಅಡುಗೆಯನ್ನೆಲ್ಲ ಕಟ್ಟಿಕೊಂಡು ಹೋಗಿ, ನಾಲ್ಕು ತುತ್ತು ಪೈರಿಗೆ ಎರಚಿ, ಆಮೇಲೆ ಎಲ್ಲರೂ ಕೂತು ಉಣ್ಣುತ್ತಾರೆ. ಅಂದು ಬದುವಿನ ಮೇಲೆ ಹಾದುಹೋಗುವವರನ್ನೂ ಕರೆದು ಉಣಿಸುತ್ತಾರೆ. ಕರೆದರೆ ಒಲ್ಲೆ ಅನ್ನಬಾರದು, ಅದು ಪದ್ಧತಿ.

ನಮಗೆ ಹೊಲವಿಲ್ಲ. ಅಪ್ಪ ಸತ್ತೆಪ್ಪ ಬುದ್ಧಿ ಬಂದಾಗಿನಿಂದ ನಾಗನೂರಿನ ರಾಚಪ್ಪ ಸಾವ್ಕಾರರ ಹೊಲದಲ್ಲೇ ದುಡಿದವನು. ಚರಗದ ದಿನ ಅವರ ಗಾಡಿ ಹೊಡೆದು, ಒಲೆ ಹೂಡಿ, ಕಟ್ಟಿಗೆ ತಂದು, ಅವರೆಲ್ಲ ಗಿಡದ ನೆರಳಲ್ಲಿ ಉಂಡೆದ್ದ ಮೇಲೆ ದೂರದ ಬದುವಿನಲ್ಲಿ ಕೂತು ಉಣ್ಣುವುದೇ ಅವನ ಹಬ್ಬ. ಸಾವ್ಕಾರರು ಕೆಟ್ಟವರಲ್ಲ ಎಂದು ಊರೇ ಹೇಳುತ್ತದೆ. ಅವರ ಪಡಸಾಲೆಯಲ್ಲಿ ಬಸವಣ್ಣನವರ ದೊಡ್ಡ ಫೋಟೋ ಇದೆ. ಅಪ್ಪ ಅದನ್ನು ನೋಡಿರುವುದು ಅಂಗಳದಲ್ಲಿ ನಿಂತು.

ಅವ್ವ ಗುಡ್ಡವ್ವನದು ಬೇರೆ ತಕರಾರು. "ಹೊಲಾ ಇಲ್ಲದವರು ಎಲ್ಲಿ ಚರಗಾ ಚೆಲ್ಲಬೇಕ?"

"ಕೆರಿ ದಂಡ್ಯಾಗ ಚೆಲ್ಲೂಣು. ಅಲ್ಲಿ ಹುಲ್ಲಿಗೇನ ಹಸಿವಿ ಆಗೂದಿಲ್ಲೇನ?" ಅಂದೆ.

ನನ್ನನ್ನು ಬೈಯುತ್ತಲೇ ಸಜ್ಜಿ ರೊಟ್ಟಿ ತಟ್ಟಿದಳು. ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಯಾವುದಕ್ಕೂ ಕಡಿಮೆ ಮಾಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗುಡ್ಡ ಹತ್ತಿದೆವು. ಕೆರೆಯ ಸುತ್ತ ಬಣ್ಣಬಣ್ಣದ ಟೆಂಟುಗಳನ್ನು ಕಂಡು ಅಪ್ಪನಿಗೆ ನಗು. "ಹೊಲಾ ಕಾಯಾಕ ಗುಡಸಲದಾಗ ಮಲಗಿ ಮಲಗಿ ನನಗ ಸಾಕಾಗೇತಿ. ಇವರೆಲ್ಲ ಏನ ಕಾಯಾಕ ಬಂದಾರವಾ?"

"ಏನೂ ಕಾಯೂದಿಲ್ಲಪಾ. ಆರಾಮ ಇರಾಕ ಬಂದಾರ."

ಅವನ ತಲೆಗೆ ಅದು ಹೋಗಲಿಲ್ಲ. ಆದರೂ ಅವ್ವ ಕೆರೆಯ ದಂಡೆಯ ಹುಲ್ಲಿಗೆ ಚರಗ ಚೆಲ್ಲಿದ ಮೇಲೆ, ಟೆಂಟಿನ ಮುಂದೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ನಾನೇ ಬಡಿಸಿದೆ. ಮೊದಲ ಹೋಳಿಗೆ ಮುರಿದ. ನನಗೆ ಕಣ್ಣು ತುಂಬಿ ಬಂತು, ಖುಷಿಗೆ.

ಬಾಜೂ ಟೆಂಟಿಗೆ ಜನ ಬಂದದ್ದು ಆಗಲೇ. ನೋಡಿದರೆ ರಾಚಪ್ಪ ಸಾವ್ಕಾರರ ಮಗ ಗುರುಪಾದ! ಹೆಂಡತಿ ಸುಜಾತಾ, ಸಂಕೇಶ್ವರದ ಗೆಳೆಯರು, ಎಲ್ಲರೂ ಇದ್ದರು. ಈ ಸಲ ಅವರ ಹೊಲವೆಲ್ಲ ಕಬ್ಬು, ಕೂತು ಉಣ್ಣಲು ಜಾಗವಿಲ್ಲವಂತೆ. ಪಾರ್ಕಿನವರು ಕೊಟ್ಟ ಕಟ್ಟಿಗೆಗೆ ಕಡ್ಡಿ ಗೀರಿ ಗೀರಿ ಬೇಸತ್ತ ಗುರುಪಾದನ ಕಣ್ಣು ಅಪ್ಪನ ಮೇಲೆ ಬಿತ್ತು.

"ಏ ಸತ್ತೆಪ್ಪಾ! ಚಲೋ ಆತ ನೋಡ, ನೀ ಇಲ್ಲೇ ಅದಿ. ಬಾ, ಈ ಒಲಿ ಹತ್ತವಲ್ದು."

ಸತ್ತೆಪ್ಪ ಇಲ್ಲಿಗೆ ಯಾಕೆ ಬಂದ ಎಂಬ ಪ್ರಶ್ನೆ ಕೂಡ ಆ ಮನುಷ್ಯನಿಗೆ ಹುಟ್ಟಲಿಲ್ಲ. ಅಪ್ಪನೋ, ಬಾಯಲ್ಲಿದ್ದ ತುತ್ತು ನುಂಗುವ ಮೊದಲೇ ಎದ್ದುಬಿಟ್ಟ.

"ಅಪ್ಪಾ, ಕುಂದರ. ಉಣ್ಣಾಕತ್ತಿ."

"ಒಂದ ಒಲಿ ಹಚ್ಚಿಕೊಟ್ರ ಕೈ ಸವೀತಾವನ?" ಎನ್ನುತ್ತ ಧೋತರಕ್ಕೆ ಕೈ ಒರೆಸಿಕೊಂಡು ನಡೆದ.

ಸಿಟ್ಟು ನೆತ್ತಿಗೇರಿತು. ಗುರುಪಾದನ ಮೇಲೆ ಎಷ್ಟೋ ಅಪ್ಪನ ಮೇಲೂ ಅಷ್ಟೇ. ಅಪ್ಪ ಕಲ್ಲು ಸರಿಪಡಿಸಿ, ಪುರಲೆ ಇಟ್ಟು, ಊದಿ ಒಲೆ ಹತ್ತಿಸಿದ. ಏಳುವಷ್ಟರಲ್ಲಿ ಗುರುಪಾದ, "ಹಂಗ ಆ ಟೆಂಟಿನ ಹಗ್ಗಾನೂ ಒಂದೀಟ ಬಿಗಿ" ಅಂದ.

ಇನ್ನು ತಡೆಯಲಾಗಲಿಲ್ಲ. ಹೋದೆ. "ನಮ್ಮಪ್ಪ ಇಲ್ಲಿ ಕೆಲಸಕ್ಕ ಬಂದಿಲ್ರಿ. ನಿಮ್ಮಂಗ ನಾವೂ ಟೆಂಟ್ ಬುಕ್ ಮಾಡಿ ಬಂದೇವಿ."

ಗುರುಪಾದ ನಕ್ಕ. "ಸಿಟ್ಟಾಗಬ್ಯಾಡ ಪೂನಮ್. ಸತ್ತೆಪ್ಪ ಅಂದ್ರ ನಮಗ ಮನಿ ಮನಷ್ಯಾ ಇದ್ದಂಗ."

ಮನೆ ಮನುಷ್ಯನಂತೆ! ಮೈಯೆಲ್ಲ ಉರಿದುಹೋಯಿತು. ತಿರುಗಿ ಬಂದು ಹೋಳಿಗೆಯ ಬುಟ್ಟಿ ಎತ್ತಿಕೊಂಡು ಹೋಗಿ ಅವರೆಲ್ಲರ ಮುಂದೆ ಹಿಡಿದೆ. "ಭಾಳ ಚಲೋ ಆತ್ರಿ. ಚರಗದ ದಿನ ಐತಿ. ನಮ್ಮವ್ವ ಮಾಡಿದ್ದು, ತಗೋರಿ."

ಸುಜಾತಾಳ ಕೈ ಬುಟ್ಟಿಯ ಕಡೆ ಬಂತು. ಗಂಡನ ಮುಖ ನೋಡಿ ಅಲ್ಲೇ ನಿಂತಿತು. ಗೆಳೆಯರು ಮೊಬೈಲು ತೆಗೆದು ಅದರಲ್ಲೇ ಕಣ್ಣು ನೆಟ್ಟರು.

"ನಮ್ಮದು ಊಟ ಆಗೇತಿ," ಅಂದ ಗುರುಪಾದ.

ತೊಳೆಯದ ಅಕ್ಕಿ ಪಾತ್ರೆಯಲ್ಲಿತ್ತು. ಬದನೆಕಾಯಿ ಇನ್ನೂ ಹೆಚ್ಚಿರಲಿಲ್ಲ. ಗೋಕಾಕದ ದವಾಖಾನೆಯಲ್ಲಿ ನಾನು ನರ್ಸ್. ಹೋದ ಮಳೆಗಾಲದಲ್ಲಿ ಇವನ ತಾಯಿ ಕಾಶೆವ್ವನಿಗೆ ಸಲಾಯಿನ್ ಹಚ್ಚಿದ್ದು, ಮಾತ್ರೆ ನುಂಗಿಸಿದ್ದು ಇದೇ ಕೈ. ಗುಳಿಗೆಗೆ ನಡೆಯುವ ಕೈ ಹೋಳಿಗೆಗೆ ನಡೆಯುವುದಿಲ್ಲ. ಇದನ್ನೇ ಅವನ ಮುಖದ ಮೇಲೆ ಅಂದುಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಬಗ್ಗಿ ಅವರ ನೀರಿನ ಕೊಡ ಎತ್ತಿದ. ಆ ಮನೆಯವರ ಕೊಡವನ್ನು ಅಪ್ಪ ಮುಟ್ಟಿದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಊಟ ಆಗೇತಿ ಅಂದ್ರಲ್ರಿ ಸಣ್ಣ ಸಾವ್ಕಾರ್ರ," ಅಂದ ಮೆಲ್ಲಗೆ. "ಮತ್ತ ಒಲಿ ಯಾಕ ಬೇಕು?"

ಕೊಡದ ನೀರನ್ನೆಲ್ಲ ಒಲೆಗೆ ಸುರಿದ. ಬೂದಿ ಎದ್ದು ಗುರುಪಾದನ ಬಿಳಿ ಬೂಟಿನ ಮೇಲೆ ಬಿತ್ತು. ಅವನು "ಏ" ಅಂದವನು ಬೈಯಲೂ ಬಾರದೆ ಬೂಟು ಝಾಡಿಸತೊಡಗಿದ. ಊಟ ಆಗಿದೆ ಎಂದವನು ತಾನೇ ಅಲ್ಲವೇ!

ನನಗೆ ಕುಣಿಯುವಷ್ಟು ಸಂತೋಷ. "ಭಾರಿ ಮಾಡಿದಿ ಅಪ್ಪಾ!" ಎನ್ನುತ್ತ ಅವನ ಹಿಂದೆಯೇ ಬಂದೆ.

ಅಪ್ಪ ಚಾಪೆಯ ಮೇಲೆ ಕೂತ. ನನ್ನ ಕಡೆ ನೋಡಲಿಲ್ಲ.

"ಇಷ್ಟ ವರ್ಷ ಅವರ ಹೊಲದಾಗ ದುಡದ್ನಿ," ಅಂದ. "ಒಂದ ದಿನಾನೂ ನಮ್ಮ ಬುತ್ತಿ ಉಣ್ಣ ಬರ್ರಿ ಅಂತ ಅವರನ್ನ ಕರದಿಲ್ಲ. ಕರದ್ರ ಏನ ಅಂತಾರ ಅನ್ನೂದು ನನಗ ಗೊತ್ತಿರಲಿಲ್ಲೇನ? ನಾ ಕರೀಲಿಲ್ಲ, ಅವರು ಒಲ್ಲೆ ಅನ್ನಲಿಲ್ಲ. ಹಂಗ ಮಾರಿ, ಮರ್ಯಾದಿ ಉಳಿಸಿಕೊಂಡ ಬಂದಿದ್ನಿ. ಇವತ್ತ ನೀ ಅವರ ಬಾಯಿಲೆ ಒಲ್ಲೆ ಅನಿಸಿದಿ."

ಅವನು ಸಿಟ್ಟಾಗಿದ್ದು ನನ್ನ ಮೇಲೆ.

ಅವ್ವ ಹೋಳಿಗೆ ಹಿಡಿದು ಬಡಿಸಲು ಬಗ್ಗಿದಳು. ಅಪ್ಪ ತಾಟಿಗೆ ಕೈ ಅಡ್ಡ ಇಟ್ಟ.

"ನಂದ ಊಟ ಆತು," ಅಂದ.