ನಾಲಿಗೆಯ ರೂಢಿ

ಮುದುಕಿಯ ತುಟಿಗೆ ಬಣ್ಣ ಇನ್ನೂ ಸ್ವಲ್ಪ ಬೇಕು, ಕೆಳತುಟಿ ಹೀರಿಕೊಂಡುಬಿಟ್ಟಿದೆ, ಸತ್ತವರ ತುಟಿಗೆ ಎಷ್ಟು ಹಚ್ಚಿದರೂ ಸಾಲದು, ಕುಂಚವನ್ನು ರೂಯಿಂಗ್ ಮತ್ತೆ ಅದ್ದಿದಳು, ಚಿತಾಗಾರದ ಈ ತಣ್ಣನೆಯ ಕೋಣೆಯಲ್ಲಿ ಹೆಣಗಳನ್ನು ಸಿಂಗರಿಸಿ ಸಿಂಗರಿಸಿ ಬೆರಳುಗಳು ತಾವಾಗಿಯೇ ಕೆಲಸ ಮಾಡುತ್ತವೆ, ಬೆರಳಷ್ಟೇ ಅಲ್ಲ, ನಾಲಿಗೆಯೂ — ಅದೇ ಹಾಳು ನಾಲಿಗೆ ಬೆಳಿಗ್ಗೆ ಮಗಳಿಗೆ ಏನೆಂದುಬಿಟ್ಟಿತು. ಬಾಗಿಲಲ್ಲಿ ಹೆಣದ ಗಾಡಿ ತಳ್ಳುವ ಗೆಂಗ್ ಬಂದು ನಿಂತ, ಊಟ ಆಯ್ತಾ ರೂಯಿಂಗಕ್ಕ, ಆಯ್ತಪ್ಪ, ಎಲ್ಲಿ ಆಯಿತು, ಬೆಳಗಿನಿಂದ ತೊಟ್ಟು ನೀರೂ ಇಳಿದಿಲ್ಲ, ಮುಖ ಯಾಕೆ ಹಿಂಗಿದೆ, ಏನಿಲ್ಲ ಬಿಡು, ಈ ಏನಿಲ್ಲ ಎನ್ನುವುದನ್ನು ಅವಳು ಹೇಳುವುದೇ ಇಲ್ಲ, ಅದು ತಾನೇ ಹೊರಬರುತ್ತದೆ, ಗಂಡ ಬಿಟ್ಟುಹೋದ ದಿನವೂ ಬಂದಿತ್ತು, ಏನಿಲ್ಲ.

ಇಲ್ಲಿ ಯಾರೂ ಮತ್ತೆ ಸಿಗೋಣ ಎನ್ನುವುದಿಲ್ಲ, ಹೆಣದ ಜೊತೆ ಬಂದ ನೆಂಟರಿಗೆ ಹಾಗೆಂದರೆ ಇನ್ನೊಂದು ಸಾವಿಗೆ ಕರೆದಂತೆ, ಕೆಲಸಕ್ಕೆ ಸೇರಿದ ಮೊದಲ ದಿನವೇ ಆ ಮಾತನ್ನು ನುಂಗಿಕೊಂಡಳು, ಆಮೇಲೆ ಅಂಗಡಿಯಲ್ಲೂ ಬರಲಿಲ್ಲ, ಮನೆಯಲ್ಲೂ ಬರಲಿಲ್ಲ, ಚಿಕ್ಕಂದಿನಲ್ಲಿ ಮಗಳು ಮಿಯಾನ್ ಶಾಲೆಗೆ ಹೊರಟರೂ ಸುಮ್ಮನೆ ತಲೆಯಾಡಿಸುತ್ತಿದ್ದಳು — ಇವತ್ತು ಬೆಳಿಗ್ಗೆ ನದಿಯ ಮೇಲೆ ಮಂಜು, ಆಚೆ ದಡ ಕಾಣದು, ಲಾಂಚಿನ ಕಂಬಿ ಹಿಡಿದು ನಿಂತ ಮಿಯಾನ್, ಕೈಹಿಡಿದವನ ಊರಿಗೆ ಹೊರಟವಳು, ಅಮ್ಮ ಒಂದೇ ಒಂದ್ಸಲ ಹೇಳಮ್ಮ, ಮತ್ತೆ ಸಿಗೋಣ ಅನ್ನು, ಇಲ್ದಿದ್ರೆ ನಾನು ವಾಪಸ್ ಬರೋದು ನಿಂಗೆ ಬೇಡವೇನೋ ಅನ್ಸತ್ತೆ — ಬೇಡವೇ, ಜೀವವೇ ಹೋಗುತ್ತಿದೆಯಲ್ಲೇ — ಹೇಳಬೇಕೆಂದೇ ಬಾಯಿ ತೆರೆದಳು, ಬಂದದ್ದು ದಾರಿಯುದ್ದಕ್ಕೂ ಸುಖವಾಗಿ ಹೋಗು, ಪೆಟ್ಟಿಗೆ ಮುಚ್ಚುವ ಮುನ್ನ ದಿನವೂ ಹೆಣದ ಕಿವಿಗೆ ಹೇಳುವ ಮಾತು, ಅದೇ ಮೆಲುದನಿಯಲ್ಲಿ. ಮಗಳ ತುಟಿ ಅರ್ಧ ತೆರೆದೇ ಉಳಿಯಿತು, ಲಾಂಚು ದಡ ಬಿಟ್ಟಿತು, ಮಂಜು ಮೊದಲು ಅವಳ ಕಣ್ಣು ನುಂಗಿತು, ಆಮೇಲೆ ಕೆನ್ನೆ, ಆ ತುಟಿ ಮಾತ್ರ ಇನ್ನಷ್ಟು ಹೊತ್ತು ನೀರಿನ ಮೇಲೆ ತೇಲುತ್ತಾ ಹೋಯಿತು.

ತಲುಪಿದ ಕೂಡಲೇ ಒಂದು ಮಾತು ತಿಳಿಸು ಎಂದು ಕೂಗಿದ್ದು ಕೇಳಿಸಿತೋ ಇಲ್ಲವೋ, ಆಚೆ ದಡಕ್ಕೆ ಅರ್ಧ ಗಂಟೆಯೂ ಬೇಡ, ಈಗ ಮಧ್ಯಾಹ್ನ ಕಳೆದಿದೆ, ಜೇಬಿನ ಫೋನಿನ ಸದ್ದಿಲ್ಲ, ಕೋಪ ಇರಬೇಕು, ಕೋಪವೇ ಆಗಿರಲಿ ದೇವಿ ಗ್ವಾನ್‌ಯಿನ್ ತಾಯಿ, ಬೇರೆ ಏನೂ ಬೇಡ. ಮುಗೀತಾ ಅಕ್ಕ, ಹೊರಗೆ ಅಜ್ಜಿಯ ಮಕ್ಕಳು ಕಾಯ್ತಿದ್ದಾರೆ, ಗೆಂಗ್ ಗಾಡಿ ಒಳಗೆ ತಂದ, ಮುಗಿಯಿತು, ಮುದುಕಿಯ ಬಾಯನ್ನು ಇನ್ನೊಮ್ಮೆ ಒತ್ತಿ ಮುಚ್ಚಿ, ಎಂದಿನಂತೆ ಕಿವಿಯ ಬಳಿ ಬಾಗಿದಳು, ಇವತ್ತು ಆ ಮಾತು ಬೇಡ, ಆ ಮಾತು ಆಗಲೇ ಮಗಳಿಗೆ ಹೋಗಿಬಿಟ್ಟಿದೆ, ಬೆಳಿಗ್ಗೆ ಮಗಳಿಗೆ ಹೇಳಲಾಗದ್ದು ನಾಲಿಗೆಯಿಂದ ತಾನೇ ಕಳಚಿಕೊಂಡಿತು, ಮತ್ತೆ ಸಿಗೋಣ. ಅಕ್ಕ, ಏನಂದೆ, ಗೆಂಗ್‌ನ ಕೈ ಗಾಡಿಯ ಮೇಲೆ ನಿಂತಿತು, ಏನಿಲ್ಲ, ಏನಿಲ್ಲ, ಮಗಳಿಗೆ ಹೇಳಬೇಕಾದ ಮಾತು ಇವಳಿಗೆ, ಇವಳದ್ದು ಮಗಳಿಗೆ, ನೋಡಬಾರದೆಂದುಕೊಂಡೇ ನೋಡಿದಳು, ಒತ್ತಿ ಮುಚ್ಚಿದ್ದ ಮುದುಕಿಯ ಬಾಯಿ, ತುಟಿ, ಮಗಳದ್ದರ ಹಾಗೇ ಅರ್ಧ ತೆರೆದ ತುಟಿ —